ಉಲ್ಟಾ ಜೋಯಿಸ ಹೇಳದೆ ಉಳಿಸಿಕೊಂಡ ಹೆಸರು

ಲಿಫ್ಟ್ ರಿಪೇರಿ ಕಂಪನಿಯ ವರ್ಕ್‌ಶಾಪಿನಲ್ಲಿ ಅವನನ್ನು ಎಲ್ಲರೂ ಉಲ್ಟಾ ಜೋಯಿಸ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಸ್ವಂತ ತಮ್ಮ, ಅಲ್ಲೇ ಸ್ಟೋರ್ಸಿನಲ್ಲಿ ಬೋಲ್ಟು, ಬೇರಿಂಗು, ಕೇಬಲ್ಲು ಕೊಡುವ ಭಾಮೈದ. ಭಾವನಿಗೆ ಅಡ್ಡಹೆಸರಿಟ್ಟು ಅದೇ ಭಾವನ ಮನೆಯಲ್ಲಿ ಚಪ್ಪಲಿ ಬಿಟ್ಟು ನೇರವಾಗಿ ಊಟಕ್ಕೆ ಕೂರುವ ಧೈರ್ಯ ಈ ಲೋಕದಲ್ಲಿ ಭಾಮೈದಂದಿರಿಗೆ ಮಾತ್ರ ಇರುತ್ತದೆ.

ಅಡ್ಡಹೆಸರಿಗೆ ಕಾರಣ ಟೆನಿಸ್. ಅದೂ ಹೆಂಗಸರ ಟೆನಿಸ್. ವರ್ಕ್‌ಶಾಪಿಗೆ ಈ ಹುಚ್ಚು ಹತ್ತಿಸಿದವಳು ಫೋನಕ್ಕ. ಎಲ್ಲೆಲ್ಲೋ ಲಿಫ್ಟ್ ಕೆಟ್ಟು ನಿಂತಾಗ ಒಳಗೆ ಸಿಕ್ಕಿಬಿದ್ದವರು ಗೋಳಾಡುವ ಫೋನುಗಳನ್ನೆಲ್ಲ ತೆಗೆದುಕೊಳ್ಳುವುದು ಅವಳ ಕೆಲಸ. ಶಾಲೆಯಲ್ಲಿದ್ದಾಗ ಆಡಿದ್ದಳಂತೆ, ಈಗ ಮಂಡಿ ನೋವು, ಆದರೆ ಬಾಯಿ ನೋವಿಲ್ಲ. "ಗಂಡಸರದ್ದು ಬರೀ ಚೆಂಡು ಚಚ್ಚೋದು. ಕಥೆ ಇರೋದು ಹೆಂಗಸರ ಆಟದಲ್ಲಿ" ಎನ್ನುತ್ತಿದ್ದಳು. ಮೊದಮೊದಲು ಮೂಗು ಮುರಿದ ಮೆಕ್ಯಾನಿಕ್‌ಗಳೇ ಆಮೇಲೆ ಗ್ರೀಸು ಮೆತ್ತಿದ ಕೈಯಲ್ಲಿ ಫೋನು ಹಿಡಿದು ಬ್ಯಾಕ್‌ಹ್ಯಾಂಡಿನ ಬಗ್ಗೆ ಜಗಳವಾಡತೊಡಗಿದರು.

ವರ್ಷದ ದೊಡ್ಡ ಪಂದ್ಯಾವಳಿ ಶುರುವಾಗುವ ಹಿಂದಿನ ದಿನ ಭವಿಷ್ಯ ಹೇಳುವ ಕಾರ್ಯಕ್ರಮ. ಅದಕ್ಕೊಂದು ಪೆಟ್ಟಿಗೆ ಇತ್ತು. ಯಾವುದೋ ಹಳೇ ಕಟ್ಟಡದಿಂದ ಕಿತ್ತು ತಂದ ಮರದ ಲಿಫ್ಟ್ ಕ್ಯಾಬಿನ್ ವರ್ಕ್‌ಶಾಪಿನ ಮೂಲೆಯಲ್ಲಿ ನಿಂತಿತ್ತು. ಹೊಸಬರು ಬಾಗಿಲು ಕೂರಿಸುವುದನ್ನು ಅದರ ಮೇಲೆಯೇ ಕಲಿಯುತ್ತಿದ್ದರು. ಒಬ್ಬೊಬ್ಬರೇ ಅದರೊಳಗೆ ಹೋಗಬೇಕು, ಬಾಗಿಲು ಎಳೆದುಕೊಳ್ಳಬೇಕು, ಯೋಚಿಸಬೇಕು. ಬಾಗಿಲು ತೆರೆದು ಹೊರಗೆ ಕಾಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಒಂದೇ ಒಂದು ಹೆಸರು ಹೇಳಬೇಕು: ಈ ಸಲ ಕಪ್ ಎತ್ತುವವಳು ಇವಳು. ಫೋನಕ್ಕ ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಹೊರಗೆ ಬಂದು ಹೇಳಿದ ಹೆಸರನ್ನು ಬದಲಾಯಿಸುವ ಹಾಗಿಲ್ಲ, ಅವಳ ಕಾಲು ಮುರಿದರೂ ಸರಿ. ಯಾರ ಆಟಗಾರ್ತಿ ಎಲ್ಲರಿಗಿಂತ ಮೊದಲು ಸೋಲುತ್ತಾಳೋ ಅವರು ಮುಂದಿನ ಪಂದ್ಯಾವಳಿಯವರೆಗೆ ಎಲ್ಲರ ಟೀ ಲೋಟ ತೊಳೆಯಬೇಕು.

ಲೋಟ ತೊಳೆಯುವ ಕೆಲಸ ಎಷ್ಟೋ ವರ್ಷಗಳಿಂದ ಉಲ್ಟಾ ಜೋಯಿಸನ ಪಾಲಿಗೇ ಇತ್ತು. ಅವನು ಆರಿಸಿದವಳು ಮೊದಲ ಸುತ್ತಿನಲ್ಲೇ ಹೊಟ್ಟೆನೋವೆಂದು ಎದ್ದುಹೋದದ್ದುಂಟು. ಇನ್ನೊಬ್ಬಳು ಗೆಲ್ಲಲು ಒಂದೇ ಪಾಯಿಂಟ್ ಬಾಕಿಯಿದ್ದಾಗ ಸಾಲುಸಾಲಾಗಿ ಡಬಲ್ ಫಾಲ್ಟ್ ಮಾಡಿ ಕೈಚೆಲ್ಲಿದಳು. ಮತ್ತೊಬ್ಬಳು ಸಿಟ್ಟಿನಲ್ಲಿ ಹಿಂದಕ್ಕೆ ಬಾರಿಸಿದ ಚೆಂಡು ಗೆರೆ ಕಾಯುವವನ ಮೂಗಿಗೆ ಬಡಿದು, ಅಂಪೈರು ಅವಳನ್ನೇ ಮನೆಗೆ ಕಳಿಸಿದ. ಹೀಗಾಗಿ ಪೆಟ್ಟಿಗೆಯೊಳಗೆ ಮೊದಲು ಅವನನ್ನೇ ತಳ್ಳುತ್ತಿದ್ದರು. "ಭಾವ, ನೀವು ಮೊದಲು ಹೋಗಿ ಬನ್ನಿ. ಗುಂಡಿ ಎಲ್ಲಿದೆ ಅಂತ ಗೊತ್ತಾದ್ರೆ ನಾವು ದಾಟ್ಕೊಂಡು ಹೋಗ್ತೀವಿ" ಎನ್ನುತ್ತಿದ್ದ ಭಾಮೈದ. ಜೋಯಿಸನೂ ನಗುತ್ತಿದ್ದ. ಜನ ಕಾಲೆಳೆಯುತ್ತಾರೆಂದರೆ ತನ್ನನ್ನು ತಮ್ಮವನೆಂದುಕೊಂಡಿದ್ದಾರೆ ಎಂದೇ ಲೆಕ್ಕ ಹಾಕುವ ಸಾಧು ಮನುಷ್ಯ ಅವನು.

ಕೆಲಸದಲ್ಲಿ ಮಾತ್ರ ಅವನ ಮಾತು ಎಂದೂ ಹುಸಿಯಾಗಿರಲಿಲ್ಲ. ಲಿಫ್ಟ್ ರಿಪೇರಿಯಾದ ಮೇಲೆ ಮೊದಲು ಮೆಕ್ಯಾನಿಕ್ ತಾನೇ ಹತ್ತಿ ಮೇಲಿನಿಂದ ಕೆಳಗಿನವರೆಗೆ ಓಡಿಸಬೇಕು, ಅದು ಆ ಕಸುಬಿನ ಕಟ್ಟಳೆ. ಅವನು ಓಡಿಸಿ ಬಂದು, ಬಾಗಿಲಿಗೆ ಕೈ ಅಡ್ಡ ಹಿಡಿದು, ಹೆದರಿ ನಿಂತವರಿಗೆ "ಬನ್ನಿ, ಏನೂ ಆಗಲ್ಲ" ಎನ್ನುತ್ತಿದ್ದ. ಜನ ಆ ಮುಖ ನೋಡಿ ನಂಬಿ ಹತ್ತುತ್ತಿದ್ದರು.

ಆದರೆ ಈ ನಗುವಿನ ತಳದಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅವನ ಅಣ್ಣ ಒಂದು ಸಣ್ಣ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದ. ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ ಅಣ್ಣ ಇವನ ಕೈ ಹಿಡಿದು "ಭಯ ಆಗ್ತಿದೆ ಕಣೋ" ಎಂದಿದ್ದ. ಇವನು ತನ್ನ ರೂಢಿಯಂತೆ "ಏನೂ ಆಗಲ್ಲ ಅಣ್ಣ, ಸಂಜೆ ಒಟ್ಟಿಗೆ ಮ್ಯಾಚ್ ನೋಡೋಣ" ಎಂದ. ಅಣ್ಣ ಮತ್ತೆ ಕಣ್ಣು ಬಿಡಲಿಲ್ಲ. ಡಾಕ್ಟರುಗಳು ಏನೇನೋ ಕಾರಣ ಹೇಳಿದರು. ಇವನ ಮನಸ್ಸು ಮಾತ್ರ ಬೇರೆಯೇ ಕಾರಣ ಹಿಡಿದು ಕೂತಿತು: ನಾನು ಹೇಳಿದೆ, ಅದಕ್ಕೇ ಹೀಗಾಯಿತು. ದಡ್ಡತನ ಅಂತ ಅವನಿಗೂ ಗೊತ್ತು. ಗೊತ್ತಿದ್ದರೆ ಭಯ ಹೋಗುತ್ತದೆಯೇ?

ಆ ವರ್ಷ ದೊಡ್ಡ ಪಂದ್ಯಾವಳಿಗೆ ಕೆಲವೇ ದಿನಗಳಿದ್ದಾಗ ಅವನ ಹೆಂಡತಿಗೆ ಸ್ನಾನ ಮಾಡುವಾಗ ಎದೆಯ ಎಡಪಕ್ಕದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ಮಕ್ಕಳಿಲ್ಲದ ಮನೆ, ಅವಳ ಯಂತ್ರದ ಸದ್ದೇ ಆ ಮನೆಯ ಮಾತು. ಡಾಕ್ಟರು ಮುಟ್ಟಿ ನೋಡಿದರು, ಚಿತ್ರ ತೆಗೆಸಿದರು, ಸೂಜಿ ಚುಚ್ಚಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ವರದಿ ಬರೋಕೆ ಎರಡು ವಾರ ಆಗುತ್ತೆ. ಅಲ್ಲೀವರೆಗೂ ಏನೂ ಹೇಳಕ್ಕಾಗಲ್ಲ" ಎಂದರು.

ಹೊರಡುವಾಗ ಡಾಕ್ಟರು ಇವನ ಅಂಗಿಯ ಮೇಲಿನ ಕಂಪನಿ ಗುರುತು ನೋಡಿ "ನೀವೊಬ್ಬರು ಸ್ವಲ್ಪ ಈಚೆ ಬನ್ನಿ" ಎಂದು ಗಾಜಿನ ಬಾಗಿಲ ಆಚೆ ಕರೆದುಕೊಂಡು ಹೋದರು. ಡಾಕ್ಟರು ಕೇಳಿದ್ದು ಇಷ್ಟೇ: ಆಸ್ಪತ್ರೆಯ ಲಿಫ್ಟ್ ಮೂರನೇ ಮಹಡಿ ದಾಟುವಾಗ ಕಿರ್ರೋ ಎನ್ನುತ್ತದಲ್ಲ, ಅಪಾಯವೇನೂ ಇಲ್ಲ ತಾನೇ? ಅವನು ಬೆವರು ಒರೆಸಿಕೊಂಡು, ಅದು ಹಳಿಗೆ ಎಣ್ಣೆಯಿಲ್ಲದ ಸದ್ದು, ಅಪಾಯವಿಲ್ಲ ಎಂದು ಹೇಳಿ ಬಂದ. ಗಾಜಿನ ಈಚೆ ನಿಂತು ನೋಡುತ್ತಿದ್ದ ಹೆಂಡತಿಗೆ ಮಾತು ಕೇಳಿಸಿರಲಿಲ್ಲ. ಡಾಕ್ಟರು ಗಂಭೀರವಾಗಿ ಏನೋ ಹೇಳಿದ್ದು, ಗಂಡ ಹಣೆ ಒರೆಸಿಕೊಂಡದ್ದು ಮಾತ್ರ ಕಾಣಿಸಿತ್ತು.

ಮನೆಗೆ ಬಂದ ಸಂಜೆ ಅವಳು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳಿದಳು. "ರೀ, ನಿಮಗೇನನ್ಸತ್ತೆ? ಏನೂ ಇರಲ್ಲ ಅಲ್ವಾ?"

ಹೌದು, ಏನೂ ಇರಲ್ಲ. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಸ್ಟ್ರೆಚರ್ ಮೇಲಿನ ಅಣ್ಣನ ಮುಖ ಕಣ್ಣಮುಂದೆ ಬಂದು ನಿಂತಿತು. ಅವನು "ಆ ನಲ್ಲಿ ತೊಟ್ಟಿಕ್ತಾ ಇದೆ, ನೋಡ್ತೀನಿ" ಎಂದು ಸ್ಪ್ಯಾನರ್ ಹಿಡಿದು ಅಡುಗೆಮನೆಗೆ ಹೋದ. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಅವಳು ಪೋಣಿಸಿದ ದಾರ ಸೂಜಿಯಿಂದ ಜಾರಿತು, ಮತ್ತೆ ಪೋಣಿಸಿದಳು.

ರಾತ್ರಿಯೆಲ್ಲ ಹೊರಳಾಡಿ ಅವನೊಂದು ಉಪಾಯ ಹೂಡಿದ. ಬಾಯಿಗೆ ಹತ್ತಿದ ಈ ಪೀಡೆಯನ್ನು ಮೊದಲು ಕಳೆದುಕೊಳ್ಳಬೇಕು. ಒಂದೇ ಒಂದು ಸಲ ತಾನು ಹೇಳಿದ್ದು ನಿಜವಾದರೆ ಸಾಕು, ಆಮೇಲೆ ಧೈರ್ಯವಾಗಿ ಅವಳ ಮುಂದೆ ಕೂತು ಹೇಳಬಹುದು. ನಗಬೇಡಿ. ಹೆಂಡತಿಯ ಎದೆಯಲ್ಲಿ ಗಂಟಿದೆ ಎಂದು ಕೇಳಿದ ಗಂಡನ ತಲೆ ಎಂಥೆಂಥ ಸಂದಿಗೊಂದಿಗಳಲ್ಲಿ ನುಗ್ಗುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಭವಿಷ್ಯದ ದಿನ ಅವನು ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಹಳೇ ಮರದ, ಒಣಗಿದ ಎಣ್ಣೆಯ ವಾಸನೆ. ಹೊರಗೆ ಎಲ್ಲರೂ ಹಲ್ಲು ಕಿರಿಯುತ್ತ ನಿಂತಿದ್ದರು. ಸಾಮಾನ್ಯವಾಗಿ ಅವನು ಪಾಪದವರನ್ನೇ ಆರಿಸುತ್ತಿದ್ದ: ವಯಸ್ಸಾದವಳು, ಗಾಯದಿಂದ ಎದ್ದು ಬಂದವಳು, ಕೋಚಿನಿಂದ ಬೈಸಿಕೊಂಡು ಅತ್ತವಳು. ಈ ಸಲ ಬಾಗಿಲು ತೆರೆದು ಹೊರಗೆ ಕಾಲಿಟ್ಟು ಅವನು ಹೇಳಿದ್ದು ಮೊದಲ ಶ್ರೇಯಾಂಕದ ಹುಡುಗಿಯ ಹೆಸರು. ಉದ್ದ ಜಡೆಯವಳು ಎಂದರೆ ಎಲ್ಲರಿಗೂ ಗೊತ್ತು. ಆ ವರ್ಷ ಯಾರ ಕೈಗೂ ಸಿಕ್ಕದವಳು, ಎದುರಾಳಿಗಳನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕಿತ್ತೆಸೆಯುತ್ತಿದ್ದವಳು.

ವರ್ಕ್‌ಶಾಪಿನಲ್ಲಿ ಹಾಹಾಕಾರ ಎದ್ದಿತು. ಅರ್ಧ ಜನ ಅವಳನ್ನೇ ಆರಿಸಬೇಕೆಂದಿದ್ದವರು.

"ಅಯ್ಯೋ ಭಾವ, ಆ ಹುಡುಗಿ ನಿಮಗೇನು ಅನ್ಯಾಯ ಮಾಡಿದ್ಲು?" ಎಂದು ಭಾಮೈದ ತಲೆ ಮೇಲೆ ಕೈ ಹೊತ್ತ. "ಫೋನಕ್ಕ, ಬರೀಬೇಡಿ, ಇನ್ನೂ ಬರೀಬೇಡಿ!"

"ಹೊರಗೆ ಬಂದು ಹೇಳಿದ್ದಾಯ್ತು. ಬದಲಾಯಿಸೋ ಹಾಗಿಲ್ಲ" ಎಂದು ಫೋನಕ್ಕ ಸೀಮೆಸುಣ್ಣ ಎತ್ತಿದಳು. ಬರೆಯುವಾಗ ಅವಳು ಒಮ್ಮೆ ತಿರುಗಿ ಅವನ ಮುಖ ನೋಡಿದಳು. ಅವನು ಆ ದಿನ ನಗುತ್ತಿರಲಿಲ್ಲ.

ಅಂದಿನಿಂದ ಅವನಿಗೆ ಆಟ ಆಟವಾಗಿ ಉಳಿಯಲಿಲ್ಲ. ಯಾವುದೋ ಕಟ್ಟಡದ ತುದಿಯ ಮೋಟಾರ್ ಕೋಣೆಯಲ್ಲಿ, ತಿರುಗುವ ಚಕ್ರದ ಪಕ್ಕ ಕೂತು, ಫೋನಿನ ಸಣ್ಣ ಪರದೆಯಲ್ಲಿ ಉದ್ದ ಜಡೆಯವಳ ಒಂದೊಂದು ಸರ್ವಿಸ್ಸಿಗೂ ಉಸಿರು ಬಿಗಿಹಿಡಿದ. ಮೊದಲ ಸುತ್ತು ಗೆದ್ದಳು. ಎರಡನೆಯದೂ ಗೆದ್ದಳು. ಮೂರನೆಯದರಲ್ಲಿ ಒಂದು ಸೆಟ್ ಬಿಟ್ಟುಕೊಟ್ಟಾಗ ಅವನು ತಪ್ಪು ತಿರುಪು ಬಿಗಿದ. ಆ ದಿನ ಅದೇ ಕೆಲಸವನ್ನು ಮತ್ತೆ ಬಿಚ್ಚಿ ಮಾಡಿದ. ಅವಳು ಹೇಗೋ ಗೆದ್ದಳು. ವರ್ಕ್‌ಶಾಪಿನಲ್ಲಿ ಜನ ಹುಬ್ಬೇರಿಸತೊಡಗಿದರು. "ಜೋಯಿಸರು ಈ ಸಲ ಸೀದಾ ಆಗ್ಬಿಟ್ರಾ?" ಎಂದರು. ಅವನು ಲೋಟ ತೊಳೆದ.

ಮನೆಯಲ್ಲಂತೂ ಮಾತೇ ಇರಲಿಲ್ಲ. ಬಾಯಿಬಿಟ್ಟರೆ ಎಲ್ಲಿ ಒಳ್ಳೆಯ ಮಾತು ಜಾರಿಬಿಡುತ್ತದೋ ಎಂದು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವಳು ಕೇಳುವ ಪ್ರಶ್ನೆಗೆಲ್ಲ ಹೂಂ, ಊಹೂಂ. ಅವಳು ಹತ್ತಿರ ಬಂದು ಕೂತರೆ ಇವನಿಗೆ ಎದ್ದು ಹೋಗಲು ಏನಾದರೊಂದು ನೆಪ: ಬಲ್ಬು, ಬಾಗಿಲ ತಿರುಪು, ಮೇಲಿನ ನೀರಿನ ತೊಟ್ಟಿ.

ಅವಳು ಇದನ್ನೆಲ್ಲ ನೋಡುತ್ತಿದ್ದಳು. ನೋಡಿ ಅವಳು ತನ್ನದೇ ಅರ್ಥ ಮಾಡಿಕೊಂಡಳು. ಒಂದು ದಿನ ಅವನು ಕೆಲಸದಿಂದ ಬಂದಾಗ ಕಪಾಟು ಪೂರ್ತಿ ಬರಿದು ಮಾಡಿ, ತನ್ನ ಸೀರೆಗಳನ್ನು ಎರಡು ರಾಶಿ ಮಾಡಿಟ್ಟಿದ್ದಳು. "ಇವು ಕೊಟ್ಟುಬಿಡೋಕೆ" ಎಂದಳು. ಆಮೇಲೆ ಅವನನ್ನು ಕೈಹಿಡಿದು ಬಟ್ಟೆ ಒಗೆಯುವ ಮಷಿನ್ನಿನ ಮುಂದೆ ನಿಲ್ಲಿಸಿದಳು.

"ಇಲ್ಲಿ ನೋಡಿ. ಬಿಳಿ ಬಟ್ಟೆಗೆ ಇದನ್ನ ಇಲ್ಲಿಗೆ ತಿರುಗಿಸ್ಬೇಕು. ಬಣ್ಣದ್ದಕ್ಕೆ ಇಲ್ಲಿಗೆ. ನಿಮ್ಮ ಕೆಲಸದ ಬಟ್ಟೆ ಬೇರೇನೇ ಹಾಕಿ, ಜಿಡ್ಡು ಬಿಡಲ್ಲ."

"ಇದನ್ನೆಲ್ಲ ನಂಗ್ಯಾಕೆ ಹೇಳ್ತಿದ್ದೀಯ?"

"ಗೊತ್ತಿರಲಿ ಅಂತ."

ನೂರಾರು ತಂತಿಗಳ ಕಂಟ್ರೋಲ್ ಬೋರ್ಡು ಬಿಚ್ಚಿ ಕಟ್ಟುವವನು ಆ ಒಂದು ಗುಂಡಿಯ ಮುಂದೆ ಏನೂ ತಿಳಿಯದವನಂತೆ ನಿಂತ. ಹೇಳಿಬಿಡಲೇ ಅನ್ನಿಸಿತು. ಇನ್ನೆರಡೇ ಪಂದ್ಯ, ಎಂದುಕೊಂಡ. ಸೆಮಿಫೈನಲ್, ಫೈನಲ್. ಅಷ್ಟು ತಡೆದುಕೋ. ಅವನು ತಲೆಯಾಡಿಸಿದ. ಆ ತಲೆಯಾಟ ಅವಳಿಗೆ ಒಪ್ಪಿಗೆಯಂತೆ ಕಂಡಿತು, ಅಂದರೆ ಸಾವಿಗೆ ಒಪ್ಪಿಗೆ. ಅವಳು ಮುಖ ತಿರುಗಿಸಿಕೊಂಡು ಸೀರೆ ಮಡಿಸತೊಡಗಿದಳು.

ಸೆಮಿಫೈನಲ್ಲಿನ ದಿನ ಮಧ್ಯಾಹ್ನ ಅವನು ಒಂದು ಕಚೇರಿ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ, ಕತ್ತಲ ಕೊಳವೆಯಂಥ ಜಾಗದಲ್ಲಿ ಕೂತಿದ್ದ. ತಲೆಗೆ ಕಟ್ಟಿದ ದೀಪ ಆರಿಸಿ ಫೋನು ನೋಡುತ್ತಿದ್ದ. ಎದುರಾಳಿ ಎಡಗೈಯವಳು, ಯಾರ ಲೆಕ್ಕದಲ್ಲೂ ಇಲ್ಲದವಳು. ಉದ್ದ ಜಡೆಯವಳು ಮೊದಲ ಸೆಟ್ ಗೆದ್ದು ಎರಡನೆಯದರಲ್ಲೂ ಮುಂದಿದ್ದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂದು ಆಟ ಮರೆಯಾಯಿತು. ವರದಿ ಬಂದಿದೆ, ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ.

ಫೈನಲ್ ಇದ್ದದ್ದು ನಾಡಿದ್ದು. ಅವನ ಲೆಕ್ಕವೆಲ್ಲ ತಲೆಕೆಳಗಾಯಿತು. ಸರಿ, ಇವತ್ತಿನದನ್ನಾದರೂ ಅವಳು ಗೆಲ್ಲಲಿ, ಅಷ್ಟೇ ಬಲದ ಮೇಲೆ ಹೇಳುತ್ತೇನೆ ಎಂದುಕೊಂಡು ಮತ್ತೆ ಆಟ ತೆರೆದ. ಪರದೆಯ ಮೇಲೆ ಉದ್ದ ಜಡೆಯವಳು ನೆಲದ ಮೇಲೆ ಬಿದ್ದಿದ್ದಳು. ಒಂದು ಚೆಂಡಿಗೆ ಚಾಚಿ ಓಡಿದಾಗ ಪಾದ ಹೊರಳಿತ್ತು. ಕಾಲು ಹಿಡಿದುಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದಳು. ಗಾಲಿ ಕುರ್ಚಿ ತಂದರು. ಅವಳ ಅಮ್ಮ ಇರಬೇಕು, ಮೇಲಿನ ಸಾಲಿನಲ್ಲಿ ಒಬ್ಬಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಕತ್ತಲಲ್ಲಿ ಅವನು ಫೋನು ಆರಿಸಿದ. ಎಲ್ಲೋ ದೂರದ ಊರಿನ, ತನ್ನನ್ನು ಕಂಡರಿಯದ ಮಗುವಿನ ಕಾಲು ಮುರಿದೆನಲ್ಲ, ಎಂದುಕೊಂಡ. ನನ್ನ ಬಾಯಿಗೆ ಹುಳ ಬೀಳಲಿ. ಕೆಳಗೆ ಲಿಫ್ಟಿನ ಬಾಗಿಲ ಬಳಿ ಯಾರೋ "ಆಯ್ತೇನ್ರೀ? ಹತ್ತಬಹುದಾ?" ಎಂದು ಕೂಗಿದರು. ಅವನು ಇಳಿದು ಬಂದು, ಲಿಫ್ಟ್ ಓಡಿಸಿ ನೋಡಿ, ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತ. ಎಂದಿನ ಮಾತು ಬಾಯಿಂದ ಹೊರಡಲಿಲ್ಲ. ಜನ ಅವನ ಮುಖ ನೋಡಿದರು, ನೋಡಿ ಮೆಟ್ಟಿಲ ಕಡೆಗೆ ಹೋದರು.

ಸಂಜೆ ಭಾಮೈದ ಮನೆಗೆ ಬಂದ. ಅಕ್ಕನ ವರದಿ ನಾಳೆ ಎಂದು ಕೇಳಿ ಬಂದವನು, ಮನೆಯ ಮಂಕು ಕಂಡು ಎಲ್ಲರನ್ನೂ ನಗಿಸುವ ಹೊಣೆ ತಾನೇ ಹೊತ್ತುಕೊಂಡ. "ಅಕ್ಕ, ನಿನ್ನ ಗಂಡನ ಪ್ರತಾಪ ಕೇಳಿದ್ಯಾ? ಈ ಸಲ ಪ್ರಪಂಚದ ಒಂದನೇ ನಂಬರಿನವಳ ಹೆಸರು ಹೇಳಿದ್ರು. ಇವತ್ತು ಗೆಲ್ತಾ ಇದ್ದೋಳು ಕಾಲು ಉಳುಕಿಸ್ಕೊಂಡು ಕುರ್ಚೀಲಿ ಹೋದ್ಲು! ಭಾವ ಒಂದು ಮಾತು ಆಡಿದ್ರೆ ಸಾಕು, ಬೆಟ್ಟಾನೂ ಮಗುಚಿಕೊಳ್ಳುತ್ತೆ. ಈ ಸಲ ಏನಾಗಿತ್ತೋ, ಒಂದೊಂದು ಮ್ಯಾಚಿಗೂ ಪ್ರಾಣ ಹೋಗೋ ಹಾಗೆ ಒದ್ದಾಡ್ತಿದ್ರು."

ಹೊಲಿಗೆ ಯಂತ್ರದ ಸದ್ದು ನಿಂತಿತು. ಅವಳು ಬಟ್ಟೆಯಿಂದ ಕೈ ತೆಗೆದು ಗಂಡನ ಕಡೆ ನೋಡಿದಳು. ಭಾಮೈದನ ನಗು ತಾನಾಗಿ ಆರಿತು.

"ರೀ. ನಾನು ಅವತ್ತು ಕೇಳಿದಾಗ ನೀವು ನಲ್ಲಿ ರಿಪೇರಿಗೆ ಎದ್ದು ಹೋದ್ರಲ್ಲ. ಯಾಕೆ?"

ಅವನು ನೆಲದ ಮೇಲೆ ಬಿದ್ದಿದ್ದ ದಾರದ ತುಂಡು ಹೆಕ್ಕಿದ.

"ಡಾಕ್ಟ್ರು ನಿಮ್ಮನ್ನ ಆಚೆ ಕರ್ಕೊಂಡು ಹೋಗಿ ಏನು ಹೇಳಿದ್ರು?"

"ಲಿಫ್ಟ್... ಲಿಫ್ಟ್ ಯಾಕೆ ಕಿರ್ ಅನ್ನುತ್ತೆ ಅಂತ ಕೇಳಿದ್ರು."

"ಅಷ್ಟೇನಾ?"

"ಅಷ್ಟೇ ಕಣೇ. ಆಣೆ ಮಾಡ್ತೀನಿ."

"ಮತ್ತೆ ಬಾಯಿ ಯಾಕೆ ಹೊಲ್ಕೊಂಡು ಕೂತಿದ್ರಿ?"

ಆಗ ಅವನು ಹೇಳಿದ. ತಡವರಿಸುತ್ತ, ಹಿಂದುಮುಂದಾಗಿ, ಅಣ್ಣನ ಸ್ಟ್ರೆಚರ್ರು, ಗೆರೆ ಕಾಯುವವನ ಮೂಗು, ಮರದ ಪೆಟ್ಟಿಗೆ, ಎಲ್ಲ ಒಂದರೊಳಗೊಂದು ಕಲಸಿಕೊಂಡು ಹೇಳಿದ. ನಾನು ಏನೂ ಆಗಲ್ಲ ಅಂದ್ರೆ ಆಗಿಬಿಡುತ್ತೆ ಅಂತ ಭಯ ಆಯ್ತು ಎಂದ.

ಅವಳು ಎದ್ದು ನಿಂತಳು. "ನಾನು ಸಾಯ್ತೀನಿ ಅಂತ ಡಾಕ್ಟ್ರು ಹೇಳಿದ್ದಾರೆ, ನೀವು ಮುಚ್ಚಿಟ್ಟಿದ್ದೀರ ಅಂದ್ಕೊಂಡು ಇಷ್ಟು ದಿನ ಒಬ್ಬಳೇ ಒಳಗೊಳಗೇ ಬೆಂದೆ. ಸೀರೆ ರಾಶಿ ಹಾಕ್ದೆ. ಮಷಿನ್ ಹೇಳ್ಕೊಟ್ಟೆ. ನೀವು ತಲೆ ಆಡಿಸ್ಕೊಂಡು ನಿಂತ್ರಿ! ಟೆನಿಸ್ ನೋಡ್ಕೊಂಡು!"

"ತಪ್ಪಾಯ್ತು."

"ತಪ್ಪು ಗಿಪ್ಪು ಬೇಡ. ನಿಮ್ಮ ಬಾಯಿಗೆ ಅಷ್ಟು ಶಕ್ತಿ ಇದೆ ತಾನೇ? ಏನು ಹೇಳಿದ್ರೂ ಉಲ್ಟಾ ಆಗುತ್ತೆ ತಾನೇ? ಹಾಗಾದ್ರೆ ಹೇಳಿ. ಇವಳು ಉಳಿಯಲ್ಲ ಅಂತ ಹೇಳಿ. ನನ್ನ ಮುಖ ನೋಡ್ಕೊಂಡು, ಜೋರಾಗಿ ಹೇಳಿ. ನಾನು ಬದುಕ್ಕೋತೀನಿ."

ಭಾಮೈದ ಕುರ್ಚಿಯಲ್ಲಿ ಮುದುರಿ ಕೂತ. ಅವಳ ಗಂಡ ಬಾಯಿ ತೆರೆದ. ಲೆಕ್ಕಕ್ಕೆ ಅದು ಸರಿಯೇ ಇತ್ತು, ಇಷ್ಟು ದಿನ ತನಗೇ ಯಾಕೆ ಹೊಳೆಯಲಿಲ್ಲವೋ. "ನೀನು" ಎಂದ. ಮತ್ತೊಮ್ಮೆ "ನೀನು" ಎಂದ. ಸೂಜಿ ಚುಚ್ಚಿ ಗಡುಸಾದ ಅವಳ ಬೆರಳುಗಳು, ಭುಜದ ಮೇಲೆ ಅಂಟಿದ್ದ ನೀಲಿ ದಾರದ ಎಳೆ, ಕಾಯುತ್ತಿದ್ದ ಕಣ್ಣು. ಅವನಿಗೆ ಆಗಲಿಲ್ಲ. ಹಾಗೇ ಕುಸಿದು ಕೂತು, ಮುಖ ಮುಚ್ಚಿಕೊಂಡು, ಚಿಕ್ಕ ಮಗುವಿನ ಹಾಗೆ ಬಿಕ್ಕಿದ.

ಅವಳು ನೋಡುತ್ತ ನಿಂತಳು. ಅವಳ ಕೋಪ ಎಲ್ಲಿಗೆ ಹೋಯಿತೋ. ಪಕ್ಕದಲ್ಲಿ ಕೂತು, ಸೆರಗಿನಲ್ಲಿ ಅವನ ಮೂಗು ಒರೆಸಿದಳು. "ಸೀದಾನೂ ಹೇಳಕ್ಕಾಗಲ್ಲ, ಉಲ್ಟಾನೂ ಹೇಳಕ್ಕಾಗಲ್ಲ. ಎಂಥಾ ಜೋಯಿಸನ್ನ ಕಟ್ಕೊಂಡೆ" ಎಂದಳು. ನಗಲು ಹೋದಳು, ಅದು ನಗುವಾಗಲಿಲ್ಲ. ಇಬ್ಬರಿಗೂ ಭಯವಾಗಿತ್ತು. ಈಗ ಒಟ್ಟಿಗೆ ಭಯವಾಗಿತ್ತು, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ಆಸ್ಪತ್ರೆಯ ಮೇಲಿನ ಮಹಡಿಯ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತರು. ಗೋಡೆಯ ಟಿವಿಯಲ್ಲಿ ಸದ್ದಿಲ್ಲದೆ ಸುದ್ದಿ ಓಡುತ್ತಿತ್ತು. ಉದ್ದ ಜಡೆಯವಳು ಊರುಗೋಲು ಹಿಡಿದು ವಿಮಾನ ಹತ್ತುವುದನ್ನು ತೋರಿಸಿದರು. ಅವನು ಕಣ್ಣು ತಗ್ಗಿಸಿದ. ಸರದಿ ಬಂದಾಗ ಹೆಂಡತಿ ಎದ್ದು, ಬಾಗಿಲ ಬಳಿ ಒಂದು ಕ್ಷಣ ತಡೆದು ಅವನ ಕಡೆ ನೋಡಿದಳು. ಅವನು ಅವಳ ಕೈಚೀಲ ಎತ್ತಿಕೊಂಡು ಹಿಂದೆ ನಡೆದ.

ಡಾಕ್ಟರು ಸುತ್ತಿಬಳಸಲಿಲ್ಲ. ಗಂಟು ಕೆಟ್ಟದ್ದೇ. ಹಬ್ಬಿದೆಯೋ ಇಲ್ಲವೋ ಆಪರೇಷನ್ ಆದ ಮೇಲೆ ಗೊತ್ತಾಗಬೇಕು. ಆಮೇಲೆ ತಿಂಗಳುಗಟ್ಟಲೆ ಔಷಧಿ, ಕೂದಲು ಉದುರುತ್ತದೆ, ಸುಸ್ತಾಗುತ್ತದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಎಲ್ಲ ಕೇಳಿದಳು.

"ವಾಸಿ ಆಗುತ್ತಲ್ಲ ಡಾಕ್ಟ್ರೇ?" ಎಂದಳು.

"ಚಿಕಿತ್ಸೆ ಮಾಡೋಣ. ಈಗಲೇ ಏನೂ ಹೇಳಕ್ಕಾಗಲ್ಲ ಅಮ್ಮ."

ಓಣಿಗೆ ಬಂದ ಮೇಲೆ ಅವಳು ಗೋಡೆಗೆ ಒರಗಿ ನಿಂತಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. "ನೋಡಿ, ಭವಿಷ್ಯ ಹೇಳೋಕೆ ಡಾಕ್ಟ್ರೂ ನಿಮ್ಮ ಪೆಟ್ಟಿಗೆಯೊಳಗೆ ಹೋಗಲ್ಲ ಅಂತಾರೆ" ಎಂದಳು. ಹಾಗಂದವಳೇ ಅವನ ತೋಳು ಹಿಡಿದುಕೊಂಡಳು, ಉಗುರು ನಾಟುವಷ್ಟು ಬಿಗಿಯಾಗಿ.

ಅವನು ಲಿಫ್ಟಿನ ಗುಂಡಿ ಒತ್ತಿ ಕಾಯುತ್ತಿದ್ದಾಗ ಆ ಯೋಚನೆ ಬಂತು. ನಾನು ಏನೂ ಹೇಳಲಿಲ್ಲ. ಏನೂ ಆಗಲ್ಲ ಎಂದು ಒಂದು ದಿನವೂ ಹೇಳಲಿಲ್ಲ, ಬಾಯಿ ಕಚ್ಚಿ ಹಿಡಿದೆ. ಆದರೂ ಆಯಿತು. ನನ್ನ ಬಾಯಿಗೂ ಇದಕ್ಕೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಅಣ್ಣನ ಸಾವಿಗೂ ಇರಲಿಲ್ಲ. ಇಷ್ಟು ದಿನ ನಾನು ಕಾಪಾಡಿದ್ದು ಯಾರನ್ನು? ಅವಳು ಕೇಳಿದ್ದು ಭವಿಷ್ಯವನ್ನಲ್ಲ, ಪಕ್ಕದಲ್ಲಿ ಒಬ್ಬ ಮನುಷ್ಯನನ್ನು. ಅದನ್ನೇ ನಾನು ಕೊಡಲಿಲ್ಲ.

ಲಿಫ್ಟ್ ಬಂತು. ಕಸುಬಿನ ರೂಢಿಯಂತೆ ಅವನೇ ಮೊದಲು ಒಳಗೆ ಕಾಲಿಟ್ಟು, ಬಾಗಿಲಿಗೆ ಕೈ ಅಡ್ಡ ಹಿಡಿದು ಅವಳನ್ನು ಹತ್ತಿಸಿಕೊಂಡ. ಒಳಗೆ ಇಬ್ಬರೇ. ಬಾಗಿಲು ಮುಚ್ಚಿತು. ಮೂರನೇ ಮಹಡಿ ದಾಟುವಾಗ ಕಿರ್ರೆಂದು ಸದ್ದಾಯಿತು, ಅವಳು ಬೆಚ್ಚಿ ಅವನಿಗೆ ಅಂಟಿಕೊಂಡಳು. ಅವನು ಕಣ್ಣು ಮುಚ್ಚಿ ಯೋಚಿಸುತ್ತಿದ್ದ, ವರ್ಕ್‌ಶಾಪಿನ ಪೆಟ್ಟಿಗೆಯೊಳಗೆ ಯೋಚಿಸುವ ಹಾಗೆ.

ಕೆಳಗೆ ಬಾಗಿಲು ತೆರೆಯಿತು. ಹೊರಗೆ ಫ್ಲಾಸ್ಕ್ ಹಿಡಿದವರು, ಗಾಲಿ ಕುರ್ಚಿಯವರು, ಒಬ್ಬಳು ನರ್ಸು, ಹತ್ತಲು ಕಾಯುತ್ತಿದ್ದರು. ಅವನು ಹೊರಗೆ ಕಾಲಿಟ್ಟ, ತಿರುಗಿ ನಿಂತ, ಎಲ್ಲರಿಗೂ ಕೇಳುವ ಹಾಗೆ ಒಂದು ಹೆಸರು ಹೇಳಿದ. ಮದುವೆಯಾದಾಗಿನಿಂದ 'ಏನೇ', 'ಇವಳೇ' ಎಂದೇ ಕರೆಯುತ್ತ ಬಂದಿದ್ದ ಅವಳ ಹೆಸರು, ಪೂರ್ತಿಯಾಗಿ. ನರ್ಸು ಗಾಬರಿಯಾಗಿ ನೋಡಿದಳು.

ಅವಳು ಲಿಫ್ಟಿನೊಳಗೇ ನಿಂತುಬಿಟ್ಟಳು. ಕಣ್ಣು ತುಂಬಿ ಬಂದಿತ್ತು. ಅವನ ಸೋತ ಆಟಗಾರ್ತಿಯರೆಲ್ಲ ಅವಳಿಗೂ ಗೊತ್ತು, ಒಬ್ಬೊಬ್ಬರ ಕಥೆಯನ್ನೂ ಊಟದ ಹೊತ್ತಿನಲ್ಲಿ ಕೇಳಿ ನಕ್ಕವಳೇ.

"ಯೋಚನೆ ಮಾಡಿ ಹೇಳಿದ್ದೀರಾ?" ಎಂದಳು, ಸಣ್ಣ ದನಿಯಲ್ಲಿ. "ನನ್ನ ಕೂದಲೆಲ್ಲ ಹೋಗುತ್ತಂತೆ. ಒಂದು ಕಡೆ ಎದೆ ಇರಲ್ಲ. ಹಬ್ಬಿದ್ಯೋ ಏನೋ, ಅದೂ ಗೊತ್ತಿಲ್ಲ."

ಅವನು ಬಾಗಿಲಿಗೆ ಕೈ ಅಡ್ಡ ಹಿಡಿದ, ಅವಳು ಇಳಿಯುವವರೆಗೆ ಅದು ಮುಚ್ಚದ ಹಾಗೆ.

"ಹೊರಗೆ ಬಂದು ಹೇಳಿದ್ದಾಯ್ತು" ಎಂದ. "ಇನ್ನು ಬದಲಾಯಿಸೋ ಹಾಗಿಲ್ಲ."